ಐದನೆಯ ದ್ವೀಪದ ಬಾವುಟ

ಕಳೆದ ಶನಿವಾರ ಮನೆಗೊಂದು ಪಾರ್ಸೆಲ್ ಬಂತು. ಟೇಪು ಹರಿದು ಮುಚ್ಚಳ ತೆಗೆದದ್ದೇ ತಡ, ಸ್ಪಿರಿಟ್ಟಿನ ವಾಸನೆ ಮೂಗಿಗೆ ಬಡಿಯಿತು. ಅದರ ಹಿಂದೆಯೇ ಹಳೆಯ ಪ್ಲಾಸ್ಟಿಕ್ಕಿನದು, ಅದರ ಹಿಂದೆ ಸಣ್ಣಗೆ ಊದುಬತ್ತಿಯದು... ನಿಂತಿದ್ದದ್ದು ನಗೋಯಾದ ನನ್ನ ಫ್ಲಾಟಿನಲ್ಲಿ. ಆದರೆ ಒಂದು ಕ್ಷಣ ನಾನು, ಹಿಂದೆ ನಾವಿದ್ದ ಗ್ಯೋಟೋಕುವಿನ ಆ ಇಕ್ಕಟ್ಟು ಅಂಗಡಿಯ ಬಾಗಿಲಲ್ಲಿ ಶೂ ಒರೆಸಿಕೊಳ್ಳುತ್ತಿದ್ದೆ.

ಸ್ಟೇಷನ್ನಿನಿಂದ ನಮ್ಮ ಮನೆಗೆ ನಡೆಯುವ ದಾರಿಯಲ್ಲಿ, ಸೇತುವೆಯ ಕಂಬಗಳ ಪಕ್ಕದಲ್ಲಿ ಇತ್ತು ಆ ಅಂಗಡಿ. ಹಳೆಯ ವಿಡಿಯೋ ಗೇಮ್ ಕ್ಯಾಸೆಟ್ಟುಗಳನ್ನು ಕೊಂಡು, ತೊಳೆದು, ಮಾರುವ ಅಂಗಡಿ. ಅದರ ಯಜಮಾನರನ್ನು ಎಲ್ಲರೂ ತೆನ್‌ಚೋ ಅನ್ನುತ್ತಿದ್ದರು. ಅಂದರೆ ಅಂಗಡಿಯವರು, ಅಷ್ಟೇ. ಹೆಸರು ಕೇಳುವ ಪ್ರಸಂಗವೇ ಬರಲಿಲ್ಲ. ಅವರೂ ನನ್ನ ಹೆಸರು ಉಚ್ಚರಿಸಲು ಎರಡು ಸಲ ಹೆಣಗಾಡಿ, ಮೂರನೆಯ ಸಲ ಸೋತು, ಇಂದೋ-ಸಾನ್ ಎಂದು ಕರೆದರು. ಇಂಡಿಯಾದವರು ಅಂತ. ಅದೇ ಉಳಿಯಿತು.

ಮೊದಲ ದಿನವೇ ಅವರ ಕೈಲಿ ಬೈಸಿಕೊಂಡೆ. ಮೈಸೂರಿನಲ್ಲಿ ನಾವು ಚಿಕ್ಕವರಿದ್ದಾಗ ಆಟ ಶುರುವಾಗದಿದ್ದರೆ ಕ್ಯಾಸೆಟ್ ಕಿತ್ತು, ತಳಕ್ಕೆ ಬಾಯಿಟ್ಟು ಜೋರಾಗಿ ಊದುತ್ತಿದ್ದೆವಲ್ಲ, ಅದೇ ಅಭ್ಯಾಸದಲ್ಲಿ ಊದಿಬಿಟ್ಟೆ. ತೆನ್‌ಚೋ ಗೋಡೆಯ ಮೇಲಿನ ಚೀಟಿ ತೋರಿಸಿದರು. ಊದಬೇಡಿ, ಎಂಜಲು ತಗುಲಿ ತುಕ್ಕು ಹಿಡಿಯುತ್ತದೆ ಎಂದು ಬರೆದಿತ್ತಂತೆ. ಆಮೇಲೆ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ತಾಯಿ ಮಗುವಿನ ಕಿವಿ ಒರೆಸುವ ಹಾಗೆ ಆ ಕ್ಯಾಸೆಟ್ಟನ್ನು ಒರೆಸಿದರು. ಜಪಾನಿನ ಮಕ್ಕಳೂ ಊದುತ್ತಿದ್ದರು ಎಂದು ತಿಳಿದು ನನಗೆ ಎಷ್ಟು ಖುಷಿಯಾಯಿತೆಂದರೆ, ಮುಂದಿನ ಶನಿವಾರ ಮತ್ತೆ ಹೋದೆ. ಅದರ ಮುಂದಿನದಕ್ಕೂ.

ಶನಿವಾರ ಮಧ್ಯಾಹ್ನ ಅಲ್ಲೊಂದು ಸಣ್ಣ ಕೂಟ ಸೇರುತ್ತಿತ್ತು. ಆಸ್ಪತ್ರೆಯಲ್ಲಿ ನರ್ಸಾಗಿದ್ದ ಒಬ್ಬ ಹೆಂಗಸು, ರೈಲ್ವೆಯಿಂದ ನಿವೃತ್ತರಾದ ಒಬ್ಬ ಹಿರಿಯರು, ಮತ್ತೆ ನಾನು. ನಮ್ಮನ್ನು ಒಟ್ಟುಹಾಕಿದ್ದು ಒಂದೇ ಆಟ. ಹಳದಿ ಟೋಪಿಯ ಪುಟ್ಟ ಅಂಚೆಯವನೊಬ್ಬ ದ್ವೀಪದಿಂದ ದ್ವೀಪಕ್ಕೆ ಜಿಗಿಯುತ್ತ, ಓಡುತ್ತ, ಕಾಗದ ತಲುಪಿಸುವ ಆಟ. ಅದರಲ್ಲಿ ನಾಲ್ಕು ಭಾಗ ಬಂದಿದ್ದವು. ನಾಲ್ಕನ್ನೂ ಮತ್ತೆ ಮತ್ತೆ ಆಡಿ, ಯಾವುದು ಮೇಲು ಎಂದು ಕಿತ್ತಾಡುವುದೇ ನಮ್ಮ ಕೆಲಸ. ಒಂದನೆಯದರಲ್ಲಿ ಜಿಗಿತ ಮೊಂಡು, ಎರಡನೆಯದರಲ್ಲಿ ಕಾಲು ಜಾರುತ್ತದೆ, ಇದರಲ್ಲಿ ಯಾರಿಗೂ ತಕರಾರಿಲ್ಲ. ಜಗಳವೆಲ್ಲ ಮೂರಕ್ಕೂ ನಾಲ್ಕಕ್ಕೂ. ನಾಲ್ಕನೆಯದರಲ್ಲಿ ಮುಗಿಸಿದ ಹಂತಕ್ಕೆ ಮತ್ತೆ ಹೋಗಬಹುದು, ಅರ್ಧಕ್ಕೆ ಹೊರಬರಬಹುದು, ಹಾರಿಸಿದ ಬಾವುಟವನ್ನೂ ಇಳಿಸಿ ಹೊಸದಾಗಿ ಶುರು ಮಾಡಬಹುದು. ರೈಲ್ವೆ ಹಿರಿಯರಿಗೆ ಅದೇ ಇಷ್ಟ. ಮೂರನೆಯದರಲ್ಲಿ ಆ ಸಡಿಲಿಕೆಯೆಲ್ಲ ಇಲ್ಲ. ಹಂತದೊಳಗೆ ಕಾಲಿಟ್ಟರೆ ದಾಟಿಯೇ ಹೊರಗೆ ಬರಬೇಕು. ದಾಟಿದರೆ ನಕ್ಷೆಯಲ್ಲಿ ಅಲ್ಲೊಂದು ಬಾವುಟ ಏಳುತ್ತದೆ, ಅದು ಶಾಶ್ವತ. ನಾನು ಮೂರನೆಯದರ ಕಡೆ. ಹರಕು ಜಪಾನಿಯಲ್ಲಿ ಮೇಜು ಕುಟ್ಟಿ ವಾದಿಸುತ್ತಿದ್ದೆ. ವಾದ ಮುಗಿದ ಮೇಲೆ ಅಂಗಡಿಯ ನೋಟ್‌ಬುಕ್ಕಿನಲ್ಲಿ ಎಲ್ಲರೂ ಒಂದೊಂದು ಸಾಲು ಬರೆಯಬೇಕು. ಬಂದವರೆಲ್ಲ ಬರೆಯಲಿ, ಬಂದವರೆಲ್ಲ ಓದಲಿ ಅಂತ ಇಟ್ಟ ಪುಸ್ತಕ ಅದು. ತೆನ್‌ಚೋ ದಿನವೂ ಬರೆಯುತ್ತಿದ್ದರು. ಅವರ ಅಕ್ಷರ ಹೆಣೆದುಕೊಂಡ ಬಳ್ಳಿಯ ಹಾಗೆ. ಅಚ್ಚಿನ ಜಪಾನಿಯನ್ನೇ ತಡವರಿಸಿ ಓದುವ ನನಗೆ ಒಂದಕ್ಷರವೂ ದಕ್ಕುತ್ತಿರಲಿಲ್ಲ. ನಾನು ಕನ್ನಡದಲ್ಲೇ ಗೀಚುತ್ತಿದ್ದೆ. ಅದನ್ನು ಅವರು ತಲೆಕೆಳಗೆ ಹಿಡಿದು ನೋಡಿ, ಚೆನ್ನಾಗಿದೆ ಅನ್ನುತ್ತಿದ್ದರು.

ಆದರೆ ಆ ಅಂಗಡಿಯಲ್ಲಿ ಮಾರಾಟಕ್ಕಿಲ್ಲದ ಒಂದು ಕ್ಯಾಸೆಟ್ ಇತ್ತು. ಮೂರನೆಯ ಭಾಗದ್ದೇ. ಅದರಲ್ಲಿ ಆಟ ಉಳಿಸಿಡಲು ಮೂರು ಖಾನೆಗಳಿದ್ದವು. ಪ್ರತಿ ಶನಿವಾರ ಕೂಟ ಶುರುವಾಗುವ ಮೊದಲು ತೆನ್‌ಚೋ ಅದನ್ನು ಹಾಕಿ, ಆ ಮೂರು ಖಾನೆಗಳ ಪರದೆ ಬಂದ ಮೇಲೆ ನಾಲ್ಕೈದು ಉಸಿರಿನಷ್ಟು ಹೊತ್ತು ನೋಡಿ, ಆರಿಸಿ, ತೆಗೆದಿಡುತ್ತಿದ್ದರು. ಒಂದೂ ಮೂರೂ ಖಾಲಿ. ಎರಡನೆಯದರಲ್ಲಿ ಮೂರಕ್ಷರದ ಒಂದು ಹೆಸರು, ಐದನೆಯ ದ್ವೀಪ, ಒಂಬತ್ತು ಪ್ರಾಣ.

"ಮುಂದೆ ಯಾಕೆ ಆಡಲ್ಲ ಇವರು?" ಎಂದು ನರ್ಸಮ್ಮನನ್ನು ಒಂದು ಸಲ ಕೇಳಿದೆ. ಆಕೆ ನನ್ನನ್ನು ಹೊರಗೆ ಕರೆದುಕೊಂಡು ಹೋಗಿ ಮೆಲ್ಲಗೆ ಹೇಳಿದರು. ಅದು ತೆನ್‌ಚೋ ಮಗಳ ಆಟ. ಅವಳು ಶಾಲೆಯಲ್ಲಿದ್ದಾಗ ಅರ್ಧ ಆಡಿ ಬಿಟ್ಟದ್ದು. ದೊಡ್ಡವಳಾಗಿ, ಮದುವೆಯಾಗಿ, ಈಶಾನ್ಯದ ಕಡಲತೀರದ ಊರಿಗೆ ಹೋದಳು. ಭೂಕಂಪದ ದಿನ ಸಮುದ್ರ ಆ ಊರಿನೊಳಕ್ಕೆ ಬಂತು... ಎರಡು ವರ್ಷವಾದರೂ ದೇಹ ಸಿಕ್ಕಿರಲಿಲ್ಲ.

ಆಮೇಲೊಂದು ದಿನ ತೆನ್‌ಚೋ ತಾವಾಗಿಯೇ ನನಗೊಂದು ಮಾತು ಹೇಳಿದರು. "ಊಟಕ್ಕೆ ಬಾ ಅಂತ ಅವಳಮ್ಮ ಕೂಗಿದ್ರು. ಎದ್ದು ಹೋದಳು. ಇದು ಹಾಗೇ ಇದೆ." ಅಷ್ಟೇ. ಫೋಟೋಗಳು ಬೇಕಾದಷ್ಟಿದ್ದವು ಅವರ ಹತ್ತಿರ. ಆದರೆ ಊಟ ಮುಗಿಸಿ ವಾಪಸು ಬರುತ್ತೇನೆ ಎಂದು ಎದ್ದುಹೋದವಳು ಇದ್ದದ್ದು ಆ ಖಾನೆಯಲ್ಲಿ ಮಾತ್ರ. ಆಗ ನನ್ನ ಮಗಳಿಗೂ ಎರಡು ವರ್ಷ.

ಆ ಕ್ಯಾಸೆಟ್ಟುಗಳಲ್ಲಿ ಉಳಿಸಿದ ಆಟ ಬದುಕಿರುವುದು ಒಳಗಿನ ಒಂದು ಬಟನ್ ಸೆಲ್ಲಿನಿಂದ. ಸೆಲ್ ಸತ್ತರೆ ಎಲ್ಲ ಅಳಿಸಿಹೋಗುತ್ತದೆ. ಒಂದು ಶನಿವಾರ ಪರದೆ ಎರಡು ಸಲ ಮಿಟುಕಿತು. ತೆನ್‌ಚೋ ಮುಖ ಬಿಳಚಿಕೊಂಡಿತು. ಒಳಗಿರುವುದನ್ನು ಮೊದಲು ನಕಲು ಮಾಡಿಟ್ಟುಕೊಂಡು ಆಮೇಲೆ ಸೆಲ್ ಬದಲಿಸುವ ಒಬ್ಬರು ಒಸಾಕಾದಲ್ಲಿದ್ದಾರೆ, ಆದರೆ ಒಂದು ತಿಂಗಳು ಕಾಯಬೇಕು ಎಂದರು ನರ್ಸಮ್ಮ.

ಹುಟ್ಟುಗುಣ ಸುಟ್ಟರೂ ಹೋಗದು. ನಾನು ಎದೆ ಸೆಟೆಸಿ ಮುಂದೆ ಬಂದೆ. "ಒಂದು ತಿಂಗಳಾ? ನಾನು ದಿನಾ ಮಾಡೋ ಕೆಲಸ ಇದು. ಐದು ನಿಮಿಷ ಸಾಕು. ನಾಳೇನೇ ಮಾಡ್ಕೊಡ್ತೀನಿ." ಕಾರಿನ ಎಲೆಕ್ಟ್ರಾನಿಕ್ಸ್ ಬೋರ್ಡುಗಳನ್ನು ಬೆಸೆಯುವ ಇಂಜಿನಿಯರ್ ತಾನೇ ನಾನು. ತೆನ್‌ಚೋ ತುಂಬಾ ಹೊತ್ತು ನನ್ನ ಮುಖ ನೋಡಿದರು. ಆಮೇಲೆ ಕ್ಯಾಸೆಟ್ಟನ್ನು ಬಟ್ಟೆಯಲ್ಲಿ ಸುತ್ತಿ ಎರಡೂ ಕೈಯಿಂದ ಕೊಟ್ಟರು.

ಭಾನುವಾರ ಬೆಳಿಗ್ಗೆ ಡೈನಿಂಗ್ ಟೇಬಲ್ ಮೇಲೆ ಬಿಚ್ಚಿದೆ. ಹೊರಗಿನಿಂದ ಒಂದು ಕ್ಲಿಪ್ಪಿನಲ್ಲಿ ಕರೆಂಟು ಕೊಟ್ಟುಕೊಂಡೇ ಹಳೆಯ ಸೆಲ್ ಕೀಳುವುದು ಉಪಾಯ. ನಕಲು ಮಾಡಿಟ್ಟುಕೊಳ್ಳುವ ಸಾಧನ ಆಫೀಸಿನ ಗೆಳೆಯನ ಹತ್ತಿರ ಇತ್ತು. ಕೇಳಲಿಲ್ಲ. ಐದು ನಿಮಿಷದ ಕೆಲಸಕ್ಕೆ ಅದೆಲ್ಲ ಯಾಕೆ? ಸೆಲ್ ಕಿತ್ತೆ. ಕ್ಲಿಪ್ ಜಾರಿತು. ಮತ್ತೆ ಸಿಕ್ಕಿಸಿದೆ, ಹೊಸ ಸೆಲ್ ಬೆಸೆದೆ, ಟಿವಿಗೆ ಹಾಕಿದೆ. ಮೂರೂ ಖಾನೆ ಖಾಲಿ.

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು ಎಂದು ನಗಲೂ ಆಗಲಿಲ್ಲ. ಹೆಂಡತಿ ಅಡುಗೆಮನೆಯಿಂದ ಬಂದು ನನ್ನ ಮುಖ ನೋಡಿ, ಪರದೆ ನೋಡಿ, ಅರ್ಥ ಮಾಡಿಕೊಂಡಳು.

"ಈಗ್ಲೇ ಹೋಗಿ ನಿಜ ಹೇಳ್ಬಿಡಿ ರೀ. ಅವರು ಬೈಯೋ ಪೈಕಿ ಅಲ್ಲ."

"ಬೈದ್ರೆ ಒಳ್ಳೇದಿತ್ತು," ಎಂದೆ.

ಹೋಗಲಿಲ್ಲ. ಬದಲಿಗೆ ನನ್ನ ಅತಿಬುದ್ಧಿಗೆ ಇನ್ನೊಂದು ಉಪಾಯ ಹೊಳೆಯಿತು. ಆ ಖಾನೆಯ ಪರದೆ ನನಗೆ ಬಾಯಿಪಾಠ. ಮೂರಕ್ಷರದ ಹೆಸರು, ಐದನೆಯ ದ್ವೀಪ, ಒಂಬತ್ತು ಪ್ರಾಣ. ಅದರ ಒಳಗೆ ಹೋಗಿ ಯಾರೂ ನೋಡುವುದಿಲ್ಲ, ತೆನ್‌ಚೋ ಹೊರಗಿನ ಪರದೆ ಮಾತ್ರ ನೋಡುತ್ತಾರೆ. ಮತ್ತೆ ಆಡಿ ಅಲ್ಲಿಗೇ ತಂದು ನಿಲ್ಲಿಸಿದರಾಯಿತು. ಇನ್ನೂ ಕೆಲಸ ಆಗಬೇಕು, ಶನಿವಾರ ತರುತ್ತೇನೆ ಎಂದು ಫೋನು ಮಾಡಿದೆ.

ಎರಡನೆಯ ಖಾನೆಯಲ್ಲಿ ಅವಳ ಹೆಸರು ಒತ್ತಿದೆ. ವಾರವಿಡೀ ಬೆಳಗಿನ ಐದಕ್ಕೆ ಎದ್ದು ಆಡಿದೆ. ಅವಳ ಹೆಸರಿನಲ್ಲಿ ಓಡಿದೆ, ಅವಳ ಹೆಸರಿನಲ್ಲಿ ಜಿಗಿದೆ. ಶುಕ್ರವಾರ ಐದನೆಯ ದ್ವೀಪದ ಕೊನೆ ಮುಟ್ಟಿದಾಗ ಪ್ರಾಣ ಹನ್ನೊಂದಾಗಿತ್ತು. ಎರಡು ಹೆಚ್ಚು. ಎರಡು ಸಲ ಸಾಯಬೇಕು. ಮೂರನೆಯ ಆಟದಲ್ಲಿ ಮುಗಿಸಿದ ಹಂತಕ್ಕೆ ಮತ್ತೆ ಹೋಗುವಂತಿಲ್ಲವಲ್ಲ, ಆ ದ್ವೀಪದಲ್ಲಿ ಉಳಿದಿದ್ದದ್ದು ಸಮುದ್ರದ ಹಂತ ಒಂದೇ. ಬೇಡದವರು ಸೇತುವೆಯಿಂದ ಸುತ್ತಿಕೊಂಡು ಹೋಗಬಹುದಾದ ಹಂತ ಅದು. ನಾನು ಒಳಗಿಳಿದೆ. ಅಂಚೆಯವನನ್ನು ನೀರಿನಡಿ ನಿಲ್ಲಿಸಿ ಉಸಿರು ಮುಗಿಯುವ ತನಕ ಸುಮ್ಮನೆ ಕಾದೆ. ಒಂದು ಸಲ. ಮತ್ತೊಂದು ಸಲ. ನಾನು ಮಾಡುತ್ತಿರುವುದೇನೆಂದು ಹೊಳೆದದ್ದು ಎರಡನೆಯ ಸಲದ ಗುಳ್ಳೆಗಳು ಮೇಲೇಳುವಾಗ... ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ. ಆಮೇಲೆ ಹಂತ ದಾಟಿದೆ, ದಾಟದೆ ಉಳಿಸುವಂತಿರಲಿಲ್ಲ. ಸಮುದ್ರದ ಮೇಲೆ ಒಂದು ಬಾವುಟ ಎದ್ದಿತು. ಹೊರಗಿನ ಪರದೆಯಲ್ಲಿ ಎಲ್ಲ ಮೊದಲಿನಂತೆಯೇ ಕಂಡಿತು.

ಶನಿವಾರ ತೆನ್‌ಚೋ ಅದನ್ನು ಹಾಕಿ ನೋಡಿದರು. ನಾಲ್ಕೈದು ಉಸಿರಿನಷ್ಟು ಹೊತ್ತು. ಆಮೇಲೆ ನನ್ನ ಕಡೆ ತಿರುಗಿ ಸೊಂಟದಿಂದ ಬಗ್ಗಿ ನಮಸ್ಕರಿಸಿದರು. ಎಷ್ಟು ಹೊತ್ತಾದರೂ ತಲೆ ಎತ್ತಲಿಲ್ಲ. ನರ್ಸಮ್ಮ ಕಣ್ಣೊರೆಸಿಕೊಂಡರು. ಹೊರಡುವಾಗ ತೆನ್‌ಚೋ ಒಂದು ಡಬ್ಬಿ ಸಿಹಿ ನನ್ನ ಕೈಗಿಟ್ಟರು.

ಮನೆಯಲ್ಲಿ ಹೆಂಡತಿ ಆ ಡಬ್ಬಿ ಮುಟ್ಟಲಿಲ್ಲ. "ಬೆಕ್ಕು ಕಣ್ಮುಚ್ಕೊಂಡು ಹಾಲು ಕುಡಿದ ಹಾಗಾಯ್ತು ನಿಮ್ಮ ಕಥೆ," ಎಂದಳು. ನಾನು ರೇಗಿದೆ. ಅವರಿಗೆ ನೆಮ್ಮದಿಯಾಯಿತಲ್ಲ, ಇನ್ನೇನು ಬೇಕು ಎಂದೆ. ಸಿಹಿಯನ್ನೆಲ್ಲ ನಾನೇ ತಿಂದೆ, ಹಟಕ್ಕೆ.

ಮುಂದಿನ ಶನಿವಾರ ಹೆದರುತ್ತಲೇ ಹೋದೆ. ಟೀ ಎಂದಿನಂತೆ ಬಂತು. ಜಗಳ ಎಂದಿನಂತೆ ನಡೆಯಿತು. ಬಚಾವಾದೆ ಎಂಬ ಹುರುಪಿನಲ್ಲಿ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಉದ್ದಕ್ಕೆ ಬರೆದೆ. ಆಮೇಲೆಯೂ ಮೂರು ವರ್ಷ ಹೋಗುತ್ತಿದ್ದೆ. ಒಂದು ವ್ಯತ್ಯಾಸ ಮಾತ್ರ ಇತ್ತು. ತೆನ್‌ಚೋ ಕೂಟಕ್ಕೆ ಮೊದಲು ಆ ಕ್ಯಾಸೆಟ್ ಹಾಕುವುದನ್ನು ನಿಲ್ಲಿಸಿದ್ದರು. ಹೊಸ ಸೆಲ್ ಇದೆ, ಇನ್ನು ಭಯವಿಲ್ಲ, ಅದಕ್ಕೇ ಇರಬೇಕು ಎಂದುಕೊಂಡೆ. ಹಾಗಂದುಕೊಳ್ಳುವುದು ನನಗೆ ಬೇಕಾಗಿತ್ತು. ನಗೋಯಾಕ್ಕೆ ವರ್ಗವಾದಾಗ ತೆನ್‌ಚೋ ಬೀಳ್ಕೊಡಲು ಸ್ಟೇಷನ್ನಿನ ತನಕ ಬಂದರು. ಆ ದಿನವಾದರೂ ಹೇಳಬೇಕೆಂದು ಬಾಯಿ ತೆರೆದೆ. ರೈಲು ಬಂತು, ಹತ್ತಿಬಿಟ್ಟೆ.

ಪಾರ್ಸೆಲ್ಲಿನಲ್ಲಿ ನರ್ಸಮ್ಮನ ಚೀಟಿ ಇತ್ತು, ನನಗೆ ಓದಲು ಬರುವ ಸುಲಭದ ಅಕ್ಷರಗಳಲ್ಲಿ. ತೆನ್‌ಚೋ ಈ ಚಳಿಗಾಲದಲ್ಲಿ ತೀರಿಕೊಂಡರು. ಅಂಗಡಿ ಮುಚ್ಚಿತು. ಇವೆರಡೂ ಇಂದೋ-ಸಾನ್‌ಗೆ ಎಂದು ಹೇಳಿಟ್ಟಿದ್ದರು. ಕೆಳಗೆ, ಬಟ್ಟೆಯಲ್ಲಿ ಸುತ್ತಿದ ಕ್ಯಾಸೆಟ್ ಮತ್ತು ನೋಟ್‌ಬುಕ್.

ಮಗಳು ಈಗ ಹೈಸ್ಕೂಲು. ಕನ್ನಡ ಅರ್ಥವಾಗುತ್ತದೆ, ಮಾತು ಮಾತ್ರ ಅರ್ಧಂಬರ್ಧ. ಜಪಾನಿಯಾದರೆ ಎಂಥ ಕೈಬರಹವನ್ನೂ ನೀರು ಕುಡಿದ ಹಾಗೆ ಓದುತ್ತಾಳೆ. ಪುಟ ತಿರುವುತ್ತ, "ಅಪ್ಪಾ, ಯು ರೋಟ್ ಇನ್ ಕನ್ನಡ!" ಎಂದು ನಕ್ಕಳು. ನೋಡಿದರೆ, ಬಚಾವಾದೆ ಎಂದುಕೊಂಡ ಶನಿವಾರದ ನನ್ನ ಬರಹ. ಅದರ ಮೇಲಿನ ಸಾಲುಗಳು ತೆನ್‌ಚೋ ಕೈಬರಹ.

"ಮೇಲೆ ಏನಿದೆ ಓದು," ಎಂದೆ.

ಅವಳು ನಿಧಾನಕ್ಕೆ ಕನ್ನಡ ಮಾಡಿಕೊಂಡು ಓದಿದಳು. "ದಿನಾ ಬೆಳಿಗ್ಗೆ ಒಳಗೆ ಹೋಗಿ, ಅವಳು ಬಿಟ್ಟ ಜಾಗ ನೋಡಿ ಬರ್ತಿದ್ದೆ. ನನ್ನ ಮಗಳಿಗೆ ಸಮುದ್ರದ ಸ್ಟೇಜ್ ಅಂದ್ರೆ ಭಯ. ಯಾವಾಗ್ಲೂ ಸೇತುವೆ ಮೇಲೇ ಹೋಗ್ತಿದ್ದಳು. ಇವತ್ತು ಅಲ್ಲಿ ಬಾವುಟ ಇದೆ." ಮುಂದಿನ ಸಾಲಿಗೆ ಬೆರಳಿಟ್ಟಳು. "ಇಂದೋ-ಸಾನ್ ತುಂಬಾ ಕಷ್ಟಪಟ್ಟಿದ್ದಾರೆ. ದಯವಿಟ್ಟು ಯಾರೂ ಅವರನ್ನ ಏನೂ ಕೇಳಬೇಡಿ." ಅದರ ಕೆಳಗೆ ಎರಡು ಸಣ್ಣ ಮುದ್ರೆಗಳಿದ್ದವು, ಓದಿದ್ದೇವೆ ಎಂಬುದಕ್ಕೆ. ನರ್ಸಮ್ಮನದೊಂದು, ರೈಲ್ವೆ ಹಿರಿಯರದೊಂದು.

"ಅಪ್ಪಾ, ಇಂದೋ-ಸಾನ್ ಅಂದ್ರೆ ನೀವಾ?"

ಮೂರು ವರ್ಷ, ಪ್ರತಿ ಶನಿವಾರ, ಎಲ್ಲ ತಿಳಿದವರ ನಡುವೆ ಕೂತು ಟೀ ಕುಡಿದಿದ್ದೆ. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಬೆಕ್ಕಿನ ಗಾದೆಯನ್ನು ಈ ಸಲ ಅವಳು ಹೇಳಲಿಲ್ಲ.

ಅವರಿಬ್ಬರೂ ಪೇಟೆಗೆ ಹೋದ ಮೇಲೆ ಕ್ಯಾಸೆಟ್ ಹಾಕಿದೆ. ಊದಲಿಲ್ಲ, ಸ್ಪಿರಿಟ್ಟಿನಲ್ಲಿ ಒರೆಸಿ ಹಾಕಿದೆ. ನಾನು ಬೆಸೆದ ಸೆಲ್ ಇನ್ನೂ ಜೀವಂತವಾಗಿದೆ. ಮೂರಕ್ಷರದ ಹೆಸರು, ಐದನೆಯ ದ್ವೀಪ, ಒಂಬತ್ತು ಪ್ರಾಣ. ಆ ಶುಕ್ರವಾರದ ನಂತರ ಮೊದಲ ಬಾರಿಗೆ ಒಳಗೆ ಹೋಗಿ ನಕ್ಷೆ ನೋಡಿದೆ. ಸಮುದ್ರದ ಮೇಲೆ ಬಾವುಟ ಹಾರುತ್ತಲೇ ಇತ್ತು. ಅದನ್ನು ಇಳಿಸುವ ದಾರಿ ಈ ಆಟದಲ್ಲಿಲ್ಲ, ಯಾರಿಗೆ ನಿಜ ಹೇಳಬೇಕಿತ್ತೋ ಅವರು ಈಗ ಇಲ್ಲ.

ನೋಟ್‌ಬುಕ್ ಪಕ್ಕದಲ್ಲೇ ತೆರೆದು ಬಿದ್ದಿತ್ತು. ಅವರ ಸಾಲುಗಳ ಕೆಳಗೆ, ಆ ಎರಡು ಮುದ್ರೆಗಳ ಕೆಳಗೆ, ನನ್ನ ದುಂಡಗಿನ ಕನ್ನಡ: "ಯಾರು ಏನೇ ಹೇಳಲಿ, ಮೂರನೆಯದೇ ಬೆಸ್ಟ್. ಇದರಲ್ಲಿ ಮಾಡಿದ್ದು ಮಾಡಿದ್ದೇ. ಹಿಂದಕ್ಕೆ ಹೋಗೋ ಹಾಗಿಲ್ಲ."