ರಾಮಕ್ಕ ಕೂತ ಬೆಣಚುಕಲ್ಲು

ಹೆಸರು ಹೇಳಿದರೂ ಯಾರಿಗೂ ಗುರುತು ಸಿಗದಂಥ ಒಂದು ನೂಲಿನ ಗಿರಣಿಯಲ್ಲಿ ರಾಮಕ್ಕ ಇಪ್ಪತ್ತೆರಡು ವರ್ಷ ನಿಂತು ದುಡಿದಳು. ಅಲ್ಲಿ ಕೂರುವ ಹಾಗಿರಲಿಲ್ಲ. ಕೂತರೆ ಮೇಸ್ತ್ರಿ ಅರ್ಧ ದಿನದ ಹಾಜರಿ ಹೊಡೆದುಹಾಕುತ್ತಿದ್ದ. ಆಕೆ ಕೂತು ಮಾಡಿದ ಕೆಲಸ ಒಂದೇ, ಬಿನ್ನಿಪೇಟೆಯ ವಠಾರದಲ್ಲಿ ಮಣೆ ಹಾಕಿಕೊಂಡು ನೆಲದ ಒಲೆಯ ಮುಂದೆ ಅಡುಗೆ.

೧೯೮೫ರಲ್ಲಿ ಮಗ ಲಕ್ಷ್ಮೀಪತಿ ವಿಜಯನಗರದಲ್ಲಿ ಮನೆ ಕಟ್ಟಿಸಿದ. ಗುಮಾಸ್ತನ ಮನೆಯಲ್ಲಿ ಹೆಂಗಸರು ನೆಲದ ಮೇಲೆ ಕೂತು ಅಡುಗೆ ಮಾಡುವುದೇ? ಕಟ್ಟೆ ಆಗಲೇಬೇಕು ಎಂದ. ಕಲ್ಲು ಆರಿಸಲು ತಾಯಿಯನ್ನು ಕಾಮಾಕ್ಷಿಪಾಳ್ಯದ ಮುನಿಯಣ್ಣನ ಮಂಡಿಗೆ ಕರೆದುಕೊಂಡು ಹೋದ.

ರಾಮಕ್ಕ ಒಂದೊಂದೇ ಚಪ್ಪಡಿಯನ್ನು ನೆಲಕ್ಕೆ ಮಲಗಿಸಿ, ಮೇಲೆ ಕೂತು ನೋಡಿದಳು. ಊರೆಲ್ಲ ಹಾಕಿಸುತ್ತಿದ್ದ ಕಡಪ ಕಲ್ಲು ಸೊಂಟಕ್ಕೆ ಶೀತ ಎಂದಳು. ಗ್ರಾನೈಟ್ ಜಾರುತ್ತದೆ ಎಂದಳು.

"ಅಮ್ಮಾ, ಇದ್ರ ಮೇಲೆ ಕೂರೋದು ಸ್ಟವ್ವು, ನೀವಲ್ಲ" ಅಂದ ಮುನಿಯಣ್ಣ.

"ಸ್ಟವ್ ಒಂದೇ ಕೂತ್ರೆ ಅಡುಗೆ ಆಗುತ್ತೇನಪ್ಪಾ?"

ತಾಯಿ ಕಲ್ಲಿನ ಗಟ್ಟಿತನ ಪರೀಕ್ಷೆ ಮಾಡುತ್ತಿದ್ದಾಳೆಂದು ಲಕ್ಷ್ಮೀಪತಿ ಹೆಮ್ಮೆಯಿಂದ ನಿಂತಿದ್ದ. ಕೊನೆಗೆ ಮೂಲೆಯಲ್ಲಿದ್ದ ಎರಡು ಬಿಳಿ ಬೆಣಚುಕಲ್ಲಿನ ಚಪ್ಪಡಿಗಳು. ಗರಗಸಕ್ಕೆ ಬಗ್ಗದ ಕಲ್ಲು, ಯಾರೂ ಮೂಸಿರಲಿಲ್ಲ. ರಾಮಕ್ಕ ಅದರ ಮೇಲೆ ಕೂತವಳು ಹತ್ತು ನಿಮಿಷ ಏಳಲಿಲ್ಲ. ಅದೇ ಖಾಯಂ ಆಯಿತು. ಕತ್ತರಿಸದೆ, ಎರಡನ್ನೂ ಅಕ್ಕಪಕ್ಕ ಇಟ್ಟಿಗೆ ಕಂಬದ ಮೇಲೆ ಕೂರಿಸಿದರು.

ಗೃಹಪ್ರವೇಶದ ಮಾರನೆಯ ದಿನ ರಾಮಕ್ಕ ಸ್ಟೂಲು ಹತ್ತಿ ಕಟ್ಟೆಯ ಮೇಲೆ ಚಕ್ಕಳಮಕ್ಕಳ ಹಾಕಿದಳು. ಮುಂದೆ ಸೀಮೆಎಣ್ಣೆ ಸ್ಟವ್ವು, ತೊಡೆಯ ಪಕ್ಕ ಈಳಿಗೆಮಣೆ. ತಲೆ ಅಟ್ಟಕ್ಕೆ ತಾಗುತ್ತಿದ್ದರಿಂದ ಕತ್ತು ಓರೆ. ಕಲ್ಲು ಮಾತ್ರ ಅಪ್ಪಟ. ನಿಂಬೆಹುಳಿ ಬಿದ್ದರೆ ಕಲೆಯಿಲ್ಲ, ಕಾದ ಬಾಣಲೆ ಇಟ್ಟರೆ ಬಿರುಕಿಲ್ಲ. ಹೆಪ್ಪಿಗೆ ಬಂದ ಪಕ್ಕದ ಮನೆಯ ಸತ್ಯವತಿ ಟೀಚರು, ಅಷ್ಟೆತ್ತರದಲ್ಲಿ ಕೂತವಳನ್ನು ಕಂಡು ತಮಗರಿವಿಲ್ಲದೆ ಕೈಮುಗಿದರು.

"ಕೈ ಇಳಿಸಿ ಟೀಚರೇ, ಪಾತ್ರೆ ಕೊಡಿ."

ಸೊಸೆ ಕೋಕಿಲಾಗೆ ತಡೆಯಲಾಗಲಿಲ್ಲ, ಗಂಡನಿಗೆ ಹೇಳಿದಳು. "ಅತ್ತೆ ಪಾದ ಸಾರಿನ ಪಾತ್ರೆಗೆ ಆತುಕೊಂಡಿರುತ್ತೆ ಕಣ್ರೀ. ನಾನು ಹೆಂಗೆ ಉಣ್ಲಿ?"

ತಪ್ಪೇನಿಲ್ಲ ಆ ಮಾತಿನಲ್ಲಿ. ಲಕ್ಷ್ಮೀಪತಿ ಆದೇಶ ಹೊರಡಿಸಿದ. "ಅಮ್ಮ, ನಾಳೆಯಿಂದ ನಿಂತು ಮಾಡು. ಇಲ್ಲಾಂದ್ರೆ ಅಡುಗೆಮನೆ ಕೋಕಿಲಾದು."

"ಇಪ್ಪತ್ತೆರಡು ವರ್ಷ ಗಿರಣಿಯೋರಿಗೆ ನಿಂತೆ. ಮನೇಲಿ ಕೂತೇ ಮಾಡೋದು. ಕಲ್ಲು ಕೆಳಗಿಳಿಸು. ಅಲ್ಲೀತಂಕ ನಾನು ಇಳಿಯಲ್ಲ."

ಧರಣಿ ಶುರುವಾಯಿತು. ಬಚ್ಚಲಿಗೆ ಹೋಗಬೇಕಾದರೆ ಗೋಡೆಯಾಚೆ ಕೂಗು ಹಾಕುತ್ತಿದ್ದಳು. ಸತ್ಯವತಿ ಟೀಚರು ಬಂದು ಸ್ಟೂಲು ಹತ್ತಿ, ಪಾಳಿ ಬದಲಾದಂತೆ ಆ ಜಾಗದಲ್ಲಿ ಕೂತು, ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದರು. ರಾಮಕ್ಕ ಮೇಲೆ ಕೂತೇ ಮಾಡಿದ ಅಡುಗೆ ಮುಟ್ಟದೆ ಎರಡು ದಿನ ಮನೆಯವರು ಹೋಟೆಲಿನ ಇಡ್ಲಿ ತಿಂದರು. ಮೂರನೆಯ ದಿನ ಲಕ್ಷ್ಮೀಪತಿ ನನ್ನನ್ನು ಹುಡುಕಿಕೊಂಡು ಬಂದ. ಗಿರಣಿಯ ಸಂಘದಲ್ಲಿ ನಾನು ಕಾರ್ಯದರ್ಶಿಯಾಗಿದ್ದೆ.

"ಅಣ್ಣ, ಧರಣಿ ಕೂರೋದು ಕಲಿಸಿದೋರು ನೀವು. ನೀವೇ ಇಳಿಸಿ."

ಹೋದೆ. ಕಟ್ಟೆಯ ಕೆಳಗೆ ನಿಂತು, ಹಳೆಯ ಅಭ್ಯಾಸದಂತೆ, "ರಾಮಕ್ಕ, ಮೊದಲು ಇಳಿ, ಆಮೇಲೆ ಕೂತು ಮಾತಾಡಣ" ಅಂದೆ.

"ಎಪ್ಪತ್ತೆರಡರ ಗಿರಣಿ ಧರಣೀಲೂ ಹಿಂಗೇ ಅಂದ್ರಿ. ಗೇಟು ಬಿಟ್ಟು ಒಳಗೆ ಹೋದ್ವಿ. ಹೆಂಗಸರಿಗೆ ಸ್ಟೂಲು ಬಂತಾ?"

ಬಂದಿರಲಿಲ್ಲ. ಒಪ್ಪಂದದಲ್ಲಿ ಆ ಬೇಡಿಕೆಯನ್ನು ಕೈಬಿಟ್ಟವನು ನಾನೇ. ಗಂಡಸರ ಬೋನಸ್ಸು ಮುಖ್ಯ ಅನ್ನಿಸಿತ್ತು. ಲಕ್ಷ್ಮೀಪತಿ ಕಡೆ ತಿರುಗಿ, "ಬೇಡಿಕೆ ನ್ಯಾಯವಾಗಿದೆ. ಮುನಿಯಣ್ಣನ್ನ ಕರೆಸು" ಅಂದೆ.

"ಕಲ್ಲಿಳಿಸೋದಾದ್ರೂ ಅವಳು ಇಳೀಬೇಕಲ್ಲ ಅಣ್ಣ."

"ಕಲ್ಲು ಇಳಿದ ಮೇಲೆ" ಅಂದಳು ರಾಮಕ್ಕ.

ಮುನಿಯಣ್ಣ ಬಂದು ನೋಡಿ ತಲೆ ಕೆರೆದುಕೊಂಡ. "ಐವತ್ತು ಕೆಜಿ ಕಲ್ಲು ಅಂತ ಇಬ್ಬರನ್ನ ಕರ್ಕೊಂಡು ಬಂದೆ. ಅಮ್ಮನ ತೂಕ ಹೇಳಲೇ ಇಲ್ವಲ್ಲ ಸಾರ್."

ಒಂದು ಚಪ್ಪಡಿಯ ಗಾರೆ ಬಿಡಿಸಿದ. ಉಳಿ ಏಟಿಗೆ ಚೂರು ಹಾರಿದಾಗ ರಾಮಕ್ಕ ಸಾರಿಗೆ ತಟ್ಟೆ ಮುಚ್ಚಿದಳು. ಇಬ್ಬರು ಆಳು, ಲಕ್ಷ್ಮೀಪತಿ, ನಾನು ನಾಲ್ಕು ಮೂಲೆ ಹಿಡಿದು ಎತ್ತಿದೆವು. ಸ್ಟವ್ವು, ಸಾರು, ರಾಮಕ್ಕ ಮೂವರೂ ಗಾಳಿಯಲ್ಲಿ. ಮುನಿಯಣ್ಣ ಕೆಳಗೆ ಒಂದೊಂದೇ ಸಾಲು ಇಟ್ಟಿಗೆ ಕಿತ್ತ. "ನಿಮ್ಮ ಕಡೆ ತಗ್ಗಿದೆ ಕಣ್ರೀ" ಎಂದು ಆಕೆ ನನಗೆ ಮೇಲಿಂದಲೇ ಹೇಳಿದಳು. ನನ್ನ ಬೆನ್ನು ಅಂದು ಹಿಡಿದದ್ದು ಇಂದಿಗೂ ಬಿಟ್ಟಿಲ್ಲ.

ನೆಲದಿಂದ ಒಂದಡಿಗೆ ಬಂದಾಗ ಕಲ್ಲು ನಿಂತಿತು. ರಾಮಕ್ಕ ಅಂಗೈ ಊರಿ ಅಲ್ಲಾಡಿಸಿ ನೋಡಿದಳು. ಅಲ್ಲಾಡಲಿಲ್ಲ. ಆಮೇಲೆ ಕೆಳಗೆ ಜಾರಿ, ಮಣೆ ಎಳೆದುಕೊಂಡು ಕೂತಳು. ಎತ್ತರದಲ್ಲೇ ಉಳಿದ ಇನ್ನೊಂದು ಚಪ್ಪಡಿಯ ಮುಂದೆ ಕೋಕಿಲಾ ಮುಖ ಗಂಟು ಹಾಕಿಕೊಂಡು ನಿಂತಿದ್ದಳು.

"ಅದು ನಿಂದು. ಇಷ್ಟ ಇದ್ರೆ ನಿಂತ್ಕೋ" ಎಂದು ರಾಮಕ್ಕ ಸ್ಟವ್ವಿಗೆ ಪಂಪು ಹೊಡೆದಳು.