ಪೆನ್ಶನ್ನಿಗೊಂದು ಕಣ್ಣು ಪಿಳಕಿಸೂದು

ಕಣ್ಣು ಪಿಳಕಿಸೂದೂ ಒಂದು ಕೆಲಸ ಅಂತ ಅಮೆರಿಕಾದ ಹ್ಯೂಸ್ಟನ್ ಬಾಜೂಕಿನ ಈ ಕೇಟಿ ಊರಿಗೆ ಮಗಳ ಮನಿಗೆ ಬರೂತನಕ ನನಗ ಗೊತ್ತಿರಲಿಲ್ಲ. ನವೆಂಬರ್ ಬಂತಂದ್ರ ನಮ್ಮಂಥಾ ಪೆನ್ಶನ್ ಮಂದಿ ಫೋನಿನ ಮುಂದ ಕುಂತು ಕಣ್ಣು ಮುಚ್ಚಿ ತೆಗೀಬೇಕು. ಆಗ ಸರಕಾರ, ಹೌದಪ್ಪ, ಇವ ಇನ್ನೂ ಜೀವಂತ ಅದಾನ ಅಂತ ಒಪ್ಪತೈತಿ. ಹೇಳಿದ ಕೂಡಲೇ ಪಿಳಕಿಸೂದು ಎಷ್ಟು ಕಷ್ಟ ಅಂತ ನೀವೇ ಮಾಡಿ ನೋಡ್ರಿ. ಒಬ್ಬರು ಕೈಲೆ ರೆಪ್ಪಿ ಹಿಡೀತಾರ, ಒಬ್ಬರು ಕಣ್ಣಿನ ಬದಲಿ ಬಾಯಿ ತೆಗೀತಾರ. ನಾನು ಒಂದೇ ಬೆರಳಿಲೆ ಟೈಪ್ ಮಾಡೂ ನಿಧಾನದ ಮನಷ್ಯಾ. ಇದನ್ನ ಬರೆದು ಮುಗಿಸೂದ್ರಾಗ ಮುಂದಿನ ನವೆಂಬರ್ ಬರತೈತಿ ಅಂತ ಮಗಳು ನಗತಾಳ. ಆದ್ರ ಆ ನಿಧಾನಾನೇ ಇಲ್ಲಿ ಉಪಯೋಗಕ್ಕ ಬಂತು: ಇಲ್ಲಿನ ಪೆನ್ಶನ್ ಮಂದಿ ಎದುರಿಗೆ ಕುಂತು ನಾ ಪಿಳಕಿಸಿದ್ರ, ನೋಡಿ ಅವರೂ ಪಿಳಕಿಸ್ತಾರ.

ಹೋದ ಸಲ ಬಾಜೂ ಮನಿ ಶ್ರುತಿ ಫೋನ್ ಮಾಡಿದ್ಲು. "ಅಂಕಲ್, ಅಜ್ಜಿ ಬ್ಲಿಂಕೇ ಮಾಡವಲ್ರು. ನನ್ನನ್ನೇ ದಿಟ್ಟಿಸ್ತಾರ. ಇವರು ನೋಡಿದ್ರ ಐ-ಟೆನ್ ಹೈವೇ ಟ್ರಾಫಿಕ್ಕಿನ್ಯಾಗ ಸಿಕ್ಕಾರ. ಬರ್ರಿ ಪ್ಲೀಸ್."

ಅಜ್ಜಿ ಅಂದ್ರ ಶ್ರುತಿ ಗಂಡನ ಅಜ್ಜಿ, ಗಂಗವ್ವ. ತೊಂಬತ್ತೇಳು ದಾಟ್ಯಾವ. ಗಂಡ ಹೋದ ಮ್ಯಾಲ ಬರೂ ಈ ಪೆನ್ಶನ್ ಒಂದೇ ಅವರ ಸ್ವಂತದ್ದು. ಮರಿಮಗಳಿಗೆ ಬಳಿ ಕೊಡಸಾಕ ಯಾರ ಮುಂದೂ ಕೈ ಚಾಚೂದಿಲ್ಲ ಅನ್ನೋ ಜಂಬ ಅದರಾಗೇ ಐತಿ.

ನಾ ಹೋದಾಗ ಪರಿಚಯದ ರಿಟೈರ್ಡ್ ಡಾಕ್ಟರ್ ದೇಸಾಯಿ ಅಲ್ಲೇ ಚಾ ಕುಡೀತಿದ್ರು. "ಈ ಅಜ್ಜಿ ಯಜಮಾನ್ರು ಬ್ರಿಟಿಷರ ಜೇಲಿನ್ಯಾಗ ಕಾವಲಿನ ವಾರ್ಡರ್. ಬಾವುಟ ಬದಲಾತು, ಪಗಾರ ಹಂಗೇ ನಡೀತು" ಅಂದ್ರು. ಊರಿಗೆ ಹೋದ ಬಿಳಿ ಸಾಹೇಬರ ಪೆನ್ಶನ್ನಿನ ಹೊಣಿನೂ ನಮ್ಮ ಸರಕಾರನೇ ಹೊತ್ತು, ಇಂಗ್ಲೆಂಡಿಗೆ ದೊಡ್ಡ ಗಂಟು ಕೊಟ್ಟಿತ್ತಂತ. "ನಮ್ಮನ್ನ ಬಡದು ದಣಿದೋರಿಗೆ ನಾವೇ ಚಾ ಕುಡಿಸೀವಿ, ನೋಡ್ರಿ!" ಅಂತ ನಕ್ಕರು.

ನನಗ ನಗು ಬರಲಿಲ್ಲ. ಯಾವ ಊರಿನ ಜೇಲು ಅಂತ ಕೇಳಿದೆ. ಶ್ರುತಿ ಹೆಸರು ಹೇಳಿದ್ಲು.

ಚಲೇಜಾವ್ ಚಳವಳಿಯೊಳಗ ತಾರಿನ ಕಂಬ ಕೆಡವಿ ನನ್ನ ಅಪ್ಪ ಹೋಗಿದ್ದು ಅದೇ ಜೇಲಿಗೆ. ಸಾಹೇಬನ ಹುಕುಂ ಮ್ಯಾಲ ಬೆನ್ನಿಗೆ ಛಡಿ ಏಟು ಬಿದ್ದವು. ಆಮ್ಯಾಲ ಅಂವ ಒಂದು ಕೊಡ ನೀರು ಎತ್ತಲಿಲ್ಲ. ಅಂವಗ ಕೈಲಾಗಲಿಲ್ಲಂತ ನಾ ಸಣ್ಣಾಂವಿದ್ದಾಗಿಂದ ಚಾದಂಗಡಿಯೊಳಗ ದುಡದೆ, ಹದಿನಾಲ್ಕಕ್ಕ ಸಾಲಿಗೆ ಹೋಗಿ ಒಂದನೇ ಇಯತ್ತೆಗೆ ಕುಂತೆ. ಬೆಂಚಿನ ಕೆಳಗ ಕಾಲು ಹಿಡೀತಿರಲಿಲ್ಲ. ಕಡೀಕ ಪುರಸಭಾದಾಗ ಬಿಲ್ ಕಲೆಕ್ಟರ್ ಆದೆ. ಅಪ್ಪನೂ ಚಳವಳಿ ಪೆನ್ಶನ್ ಕೇಳಿದ್ದ. ಜೇಲಿನ್ಯಾಗ ಇದ್ದದ್ದಕ್ಕ ಪುರಾವೆ ತಾ ಅಂದ್ರು, ಸಿಗಲಿಲ್ಲ. ಬಡಿಸಿಕೊಂಡವರ ಕಾಗದ ಕಳದಿದ್ವು. ಬಡದವರ ಸರ್ವಿಸಿನ ಕಾಗದ ಒಂದೂ ಕಳದಿರಲಿಲ್ಲ.

ಗಂಗವ್ವನ ಎದುರಿಗೆ ಕುಂತೆ. ಶ್ರುತಿ ಫೋನು ಅವರ ಮುಖಕ್ಕ ಹಿಡದಿದ್ಲು.

"ಯಾ ಊರಾಂವಪ್ಪ ನೀ?"

ಹೇಳಿದೆ. ಅಪ್ಪ ಆ ಜೇಲಿನ್ಯಾಗ ಇದ್ದದ್ದೂ ಹೇಳಿದೆ. ಅವರು ನನ್ನನ್ನ ಭಾಳ ಹೊತ್ತು ನೋಡಿದ್ರು, ರೆಪ್ಪಿ ಅಲುಗಲಿಲ್ಲ.

"ಛಡಿ ಏಟಿನ ದಿನ ನಮ್ಮವರು ಮನಿಗೆ ಬಂದು ಬಚ್ಚಲದಾಗೇ ಕುಂದರತಿದ್ರು. ರೊಟ್ಟಿ ಮುಟ್ಟತಿರಲಿಲ್ಲ. 'ನಾ ಏಟು ಎಣಸಾಂವ ಅಷ್ಟೇ' ಅಂತಿದ್ರು. ಎಣಸಿದ್ರೋ, ಹೊಡದ್ರೋ... ನಾ ಕೇಳಲಿಲ್ಲಪ್ಪ."

ಇಷ್ಟಂದು ಕಣ್ಣು ಮುಚ್ಚಿದ್ರು. ಮುಚ್ಚಿದ್ದು ತೆಗೀಲಿಲ್ಲ. ಫೋನು 'ಕಣ್ಣು ತೆಗೀರಿ, ಕಣ್ಣು ತೆಗೀರಿ' ಅನ್ನಾಕತ್ತಿತ್ತು. ಶ್ರುತಿ ನನ್ನ ಮುಖ ನೋಡಿದ್ಲು. ಒಂದು ರಾಜ್ಯ ಹೋಗಿ ಇನ್ನೊಂದು ಬರೂವಾಗ ಹೊಣೆ ಕೈ ಬದಲಾಯಿಸತೈತಿ ಅಂತಾರ. ಅದು ಎಲ್ಲೆಲ್ಲೋ ತಿರುಗಿ ಕೇಟಿಯ ಈ ಡೈನಿಂಗ್ ಟೇಬಲ್ಲಿಗೆ ಬಂದು ನನ್ನ ಎದುರಿಗೆ ಕುಂತಿತ್ತು. ಅಪ್ಪನ ಬೆನ್ನು ನೆನಪಾತು. ಮರಿಮಗಳು ಓಡಿ ಬಂದು ಮುದುಕಿಯ ತೊಡಿಗೆ ಆತು ನಿಂತ್ಲು; ಅವಳ ಕೈಯಾಗಿನ ಬಳಿ ಸಪ್ಪಳಾತು.

"ಕಣ್ಣು ತೆಗೀರಿ, ಯವ್ವಾ" ಅಂದೆ.

ತೆಗೆದ್ರು. ಫೋನಿನ್ಯಾಗ ಹಸಿರು ಗುರುತು ಬಂತು. ದೇಸಾಯಿಯವರು ಕಪ್ಪು ಕೆಳಗಿಟ್ರು.

ಮನಿಗೆ ನಡಕೋತ ಬರೂವಾಗ ಬಿಸಲಾಗ ನಿಂತು, ಅಪ್ಪನ ಹೆಸರಿಲೆ ಒಮ್ಮೆ ಕಣ್ಣು ಮುಚ್ಚಿ ತೆಗೆದೆ. ಯಾವ ಸರಕಾರನೂ ಕೇಳಿರಲಿಲ್ಲ.