ಹೊಸ್ತಿಲಾಚೆ ನಿಂತ ನಂಜಮ್ಮ

"ಒಳಕ್ ಬರ್ಲೇನವ್ವ?" ಎಂಬ ದನಿ ಬಾಗಿಲಲ್ಲಿ ಕೇಳಿದ್ದೇ ತಡ, ಕೂತಲ್ಲೇ ಮರಗಟ್ಟಿದೆ. ಎಂಬತ್ತರ ದಶಕದ ಒಂದು ಗೌರಿ ಹಬ್ಬದ ಮುಸ್ಸಂಜೆ. ಗಂಡ ಪೀಣ್ಯದ ಕಾರ್ಖಾನೆಯಲ್ಲಿ ಸೆಕೆಂಡ್ ಶಿಫ್ಟಿನಲ್ಲಿದ್ದರು. ರಾಜಗೋಪಾಲನಗರದ ನಮ್ಮ ಬಾಡಿಗೆ ಮನೆಯಲ್ಲಿ ಕರೆಂಟ್ ಇರಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದು ನಾನು ಓದುತ್ತಿದ್ದದ್ದು ರಕ್ತ ಹೀರುವ ಪ್ರೇತದ ಹಳೆಯ ಇಂಗ್ಲಿಷ್ ಕಾದಂಬರಿ. ಮನೆಯವರು ಬಾಯಿಬಿಟ್ಟು ಕರೆಯದೆ ಆ ಪ್ರೇತ ಒಳಗೆ ಬರಲಾರದು ಎಂಬ ಪುಟದಲ್ಲಿದ್ದೆ.

ತಲೆಯೆತ್ತಿದರೆ ಹೊಸ್ತಿಲಾಚೆ ಮಾಸಲು ಬಿಳಿ ಸೀರೆ, ಬೋಳು ಹಣೆ. ಮನೆ ಒಡತಿ ನಂಜಮ್ಮ ಎಂದು ಗುರುತು ಹತ್ತಿದರೂ 'ಬನ್ನಿ' ಎನ್ನಲು ಹೆದರಿ ಪುಸ್ತಕವನ್ನು ಎದೆಗವಚಿಕೊಂಡೆ. ಅವರು ಸ್ವಲ್ಪ ಹೊತ್ತು ಕಾದರು. ಆಮೇಲೆ ನಮಗೆಂದು ತಂದಿದ್ದ ಕಡುಬಿನ ತಟ್ಟೆಯನ್ನು ಹೊರಗೇ ಇಟ್ಟರು.

"ಓಗ್ಲಿ ಬಿಡವ್ವ. ಗಂಡ ಸತ್ತೋಳು ನಾನು, ಗೌರಿ ಅಬ್ಬದ್ ದಿನ ಬರ್ಬಾರ್ದಿತ್ತು" ಎಂದು ಹೊರಟೇಹೋದರು.

ಹಿಂದೆಯೇ ಓಡಿ ಏನೆಂದು ಹೇಳಲಿ? ವಿಧವೆಯೆಂದು ದೂರವಿಡಲಿಲ್ಲ, ದೆವ್ವವೆಂದು ಹೆದರಿದೆ ಎನ್ನಲೇ? ಆ ಪುಸ್ತಕವನ್ನು ಓದಿ ಮುಗಿಸಲಾಗಲಿಲ್ಲ. ಇಂದಿಗೂ ಬಾಗಿಲಲ್ಲಿ ಸದ್ದಾದರೆ, ಯಾರೆಂದು ನೋಡುವ ಮೊದಲೇ 'ಬನ್ನಿ, ಒಳಗೆ ಬನ್ನಿ' ಎಂದು ಕೂಗಿಬಿಡುತ್ತೇನೆ.